ಇಲ್ಲದ ಕೌದಿ

ಮತ್ತೆ ಬಾಯಿ ಹಾಕಿದಿರಾ? ಕಥೆ ಶುರುವಾಗಿ ಎರಡು ಮಾತು ಆಗಿಲ್ಲ, ಆಗಲೇ ಒಬ್ಬನಿಗೆ ನೀರು ಬೇಕು, ಇನ್ನೊಬ್ಬಳಿಗೆ ಕಾಡಿನಲ್ಲಿ ಕರೆಂಟು ಎಲ್ಲಿಂದ ಬಂತು ಅನ್ನುವ ಚಿಂತೆ. ನರಿ ಮಾತಾಡಿತು ಅಂದರೆ ನಂಬುತ್ತೀರಿ, ಕರೆಂಟು ಮಾತ್ರ ನಂಬುವುದಿಲ್ಲ. ಸುಮ್ಮನೆ ಮಲಗಿ ಕೇಳಿ. ಪ್ರಶ್ನೆ ಇದ್ದರೆ ಕೊನೆಗೆ ಒಂದೇ ಒಂದು.

ಒಂದು ಕಾಡಿನಲ್ಲಿ ಹೊಲಿಗೆಯ ಶೆಡ್ಡು ಇತ್ತು. ಕರೆಂಟೂ ಇತ್ತು. ಶೆಡ್ಡಿನ ಯಜಮಾನಿ ಬಸಲಿಂಗವ್ವ ಎಂಬ ಆನೆ. ಬಟ್ಟೆಯ ಸುರುಳಿ ಬಿಚ್ಚಿ ಕತ್ತರಿಸುವವನು ದ್ಯಾಮಣ್ಣ ಎಂಬ ಕರಡಿ. ಜಿಂಕೆ ಮರಿಗಳ ನೀಲಿ ಯೂನಿಫಾರಂ, ಮಂಗಗಳ ಕೆಂಪು ಟೋಪಿ, ನವಿಲುಗಳ ಹಸಿರು ಲಂಗ ಎಲ್ಲ ಅಲ್ಲೇ ಆಗುತ್ತಿದ್ದವು.

ಕತ್ತರಿಸಿದ ಮೇಲೆ ಪ್ರತಿ ಸುರುಳಿಯ ತುದಿಯಲ್ಲಿ ಒಂದಿಷ್ಟು ತುಂಡು ಉಳಿಯುತ್ತಿತ್ತು. ಆ ತುಂಡುಗಳನ್ನು ಕೂಡಿಸಿ, ಹೊಸದಾಗಿ ಹಡೆದವರ ಮನೆಗೆ ಒಂದು ಕೌದಿ ಹೊಲಿದು ಕೊಡುವುದು ಕಾಡಿನ ರೂಢಿ. ಚಳಿಗಾಲದಲ್ಲಿ ಆ ಕೌದಿಯೇ ಮರಿಗಳ ಜೀವ.

ಬಸಲಿಂಗವ್ವನಿಗೆ ಒಂದು ದಿನ ಕಂಪ್ಯೂಟರ್ ತರುವ ಹುಕಿ ಬಂತು. ಅದನ್ನು ನೋಡಿಕೊಳ್ಳಲು ನಿಂಗಪ್ಪ ಎಂಬ ನರಿಯನ್ನು ಇಟ್ಟುಕೊಂಡಳು. ಪೇಟೆಯ ಅಂಚಿನಲ್ಲಿ ಕೋಳಿ ಕದಿಯುವಾಗ ಕಿಟಕಿಯಿಂದ ನೋಡಿ ನೋಡಿ ಕಂಪ್ಯೂಟರ್ ಕಲಿತಿದ್ದನಂತೆ. ಅಷ್ಟು ಓದು ಆ ಕಾಡಿನಲ್ಲಿ ಇನ್ಯಾರಿಗೂ ಇರಲಿಲ್ಲ.

ನಿಂಗಪ್ಪ ಒಂದು ಸ್ಪ್ರೆಡ್‌ಶೀಟ್ ಮಾಡಿದ. ಒಂದು ಸಾಲಿನಲ್ಲಿ ಸುರುಳಿ ಎಷ್ಟು ಉದ್ದ, ಇನ್ನೊಂದರಲ್ಲಿ ಎಷ್ಟು ಕತ್ತರಿಸಿದ್ದು, ಮೂರನೆಯದರಲ್ಲಿ ಎಷ್ಟು ಉಳಿಯಿತು. ಕಳೆಯುವ ಲೆಕ್ಕವನ್ನು ಕಂಪ್ಯೂಟರೇ ಮಾಡುತ್ತದೆ, ಅದರಲ್ಲಿ ಮೋಸಕ್ಕೆ ಜಾಗವೇ ಇಲ್ಲ ಎಂದು ಎಲ್ಲರಿಗೂ ತಿಳಿಸಿ ಹೇಳಿದ. ನಿಜ, ಕಂಪ್ಯೂಟರಿಗೆ ಮೋಸ ಬರುತ್ತಿರಲಿಲ್ಲ. ಅದಕ್ಕೇ ನಿಂಗಪ್ಪ ಇದ್ದ. ಎರಡನೇ ಸಾಲಿನಲ್ಲಿ ಅವನು ಸುರುಳಿಯ ಪೂರ್ತಿ ಉದ್ದವನ್ನೇ ಬರೆಯುತ್ತಿದ್ದ. ಶೀಟಿನ ಪ್ರಕಾರ ಆ ವರ್ಷ ಜಿಂಕೆ ಮರಿಗಳೆಲ್ಲ ಆನೆ ಗಾತ್ರದ ಅಂಗಿ ಹಾಕಿದ್ದವು. ಮೂರನೇ ಸಾಲು ಮೇಲಿಂದ ಕೆಳಗಿನವರೆಗೆ ಸೊನ್ನೆ. ತುಂಡುಗಳು ಸಂಜೆ ನಿಂಗಪ್ಪನ ಕಂಕುಳಲ್ಲಿ ಮನೆಗೆ ಹೋಗುತ್ತಿದ್ದವು. ದ್ಯಾಮಣ್ಣ ದಿನಾ ನೋಡುತ್ತಿದ್ದ, ದಿನಾ ಕತ್ತರಿ ಒರೆಸಿಡುತ್ತಿದ್ದ.

ಚಳಿ ಬಿತ್ತು. ತುಂಗವ್ವ ಎಂಬ ಮೊಲ ಹಡೆದಳು. ಮರಿಗಳಿಗೆ ಮೈಮೇಲೆ ಕೂದಲು ಕೂಡ ಸರಿಯಾಗಿ ಬಂದಿರಲಿಲ್ಲ. ಕೌದಿ ಕೇಳಲು ಬಂದವಳಿಗೆ ಬಸಲಿಂಗವ್ವ ಸ್ಕ್ರೀನು ತಿರುಗಿಸಿ ತೋರಿಸಿದಳು. ತುಂಡು ಉಳಿದಿದ್ದರೆ ಕೊಡುತ್ತಿರಲಿಲ್ಲವೇ, ಈಗ ಏನೂ ವ್ಯರ್ಥವಾಗುವುದಿಲ್ಲ, ನಮ್ಮ ಶೆಡ್ಡು ಸುಧಾರಿಸಿದೆ ಎಂದು ಹೆಮ್ಮೆಪಟ್ಟಳು. ಕೌದಿಗೆ ಮುಂದಿನ ವರ್ಷ ಬರಲು ಹೇಳಿದಳು. ಮರಿಗಳು ಅಲ್ಲಿಯವರೆಗೆ ನಡುಗಿಕೊಂಡು ಕಾಯಬೇಕಷ್ಟೆ.

ಅತ್ತ ನಿಂಗಪ್ಪ ತನ್ನ ಗುಹೆಯಲ್ಲಿ ಕೌದಿ ಹೊಲಿದು ಮುಗಿಸಿದ. ನೀಲಿ, ಕೆಂಪು, ಹಸಿರು, ನೋಡಲು ಬಲು ಚೆಂದ. ಆದರೆ ಹೊದೆಯಲು ಧೈರ್ಯ ಬರಲಿಲ್ಲ. ಹೊಸ ಕೌದಿಯ ಮೇಲೆ ಮೊದಲ ರಾತ್ರಿ ಹಸುಗೂಸು ಮಲಗಬೇಕು, ಇಲ್ಲದಿದ್ದರೆ ಹೊದ್ದವರಿಗೆ ಜನ್ಮವಿಡೀ ತುರಿಕೆ ಎಂಬ ನಂಬಿಕೆ ಅಲ್ಲಿತ್ತು. ನಿಂಗಪ್ಪ ದೇವರಿಗೆ ಹೆದರುತ್ತಿರಲಿಲ್ಲ, ಬಸಲಿಂಗವ್ವನಿಗೆ ಹೆದರುತ್ತಿರಲಿಲ್ಲ. ತುರಿಕೆಗೆ ಮಾತ್ರ ಹೆದರುತ್ತಿದ್ದ. ಎಷ್ಟಾದರೂ ಕಂಪ್ಯೂಟರ್ ಕಲಿತವನು.

ಕಾಡಿನಲ್ಲಿ ಆಗ ಹಸುಗೂಸು ಇದ್ದದ್ದು ತುಂಗವ್ವನ ಮನೆಯಲ್ಲಿ ಮಾತ್ರ. ಸಂಜೆ ಕೌದಿ ಹೊತ್ತು ಅಲ್ಲಿಗೇ ಹೋದ.

"ಒಂದು ರಾತ್ರಿ ಮಟ್ಟಿಗೆ ಅಷ್ಟೇ, ತುಂಗಕ್ಕ. ಬೆಳಿಗ್ಗೆ ಒಯ್ತೀನಿ. ಮರಿಗಳು ಉಚ್ಚೆ ಹೊಯ್ಯದ ಹಂಗ ನೋಡ್ಕೊ."

ತುಂಗವ್ವ ಕೌದಿಯ ನೀಲಿ ನೋಡಿದಳು, ಕೆಂಪು ನೋಡಿದಳು, ಹಸಿರು ನೋಡಿದಳು. ನಿಂಗಣ್ಣನದು ದೊಡ್ಡ ಮನಸ್ಸು ಎಂದು ಹೊಗಳಿ, ಕೌದಿ ಹಾಸಿ ಮರಿಗಳನ್ನು ಮಲಗಿಸಿದಳು.

ಬೆಳಿಗ್ಗೆ ನಿಂಗಪ್ಪ ಬಂದು ಕೌದಿ ಕೇಳಿದ.

"ಯಾವ ಕೌದಿ, ನಿಂಗಣ್ಣ?" ಎಂದಳು ತುಂಗವ್ವ.

ಮರಿಗಳು ಅದರ ಮೇಲೇ ಮಲಗಿದ್ದವು. ನಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಓಡಿಹೋಗಿ ಬಸಲಿಂಗವ್ವನನ್ನು ಕರೆತಂದ. ಹಿಂದೆಯೇ ದ್ಯಾಮಣ್ಣನೂ ಬಂದ. ಈ ಮೊಲ ತನ್ನ ಕೌದಿ ನುಂಗಿದೆ, ಕಾಡಿನಲ್ಲಿ ನ್ಯಾಯ ಸತ್ತಿದೆ, ಕಳ್ಳರಿಗೆ ಕಾಲ ಬಂದಿದೆ ಎಂದು ನರಿ ಅತ್ತ. ಕಳ್ಳರ ವಿಷಯದಲ್ಲಿ ಅವನಿಗೆ ಒಳ್ಳೆಯ ತಿಳಿವಳಿಕೆ ಇತ್ತು.

ತುಂಗವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಯಜಮಾನಿ, ಕೌದಿ ಯಾವುದರಿಂದ ಹೊಲಿತಾರ?"

"ಉಳಿದ ತುಂಡಿನಿಂದ," ಎಂದಳು ಬಸಲಿಂಗವ್ವ.

"ಈ ವರ್ಷ ತುಂಡು ಉಳಿದಾವೇನು?"

ಬಸಲಿಂಗವ್ವ ಕೌದಿಯನ್ನು ನೋಡಿದಳು. ಜಿಂಕೆಯ ನೀಲಿ, ಮಂಗನ ಕೆಂಪು, ನವಿಲಿನ ಹಸಿರು. ಆನೆಯ ತಲೆ ದೊಡ್ಡದು, ಒಳಗೆ ಹೋದದ್ದು ತಲುಪಲು ಹೊತ್ತು ಹಿಡಿಯುತ್ತದೆ. ತಲುಪಿತು. ಅವಳು ಸೊಂಡಿಲನ್ನು ನಿಧಾನವಾಗಿ ನರಿಯ ಕಡೆ ತಿರುಗಿಸಿದಳು.

"ನಿಂಗ್ಯಾ, ನಿನ್ನ ಶೀಟು ಖರೆನೋ, ಈ ಕೌದಿ ಖರೆನೋ? ಎರಡರಾಗ ಒಂದು ಹೇಳು."

ನಿಂಗಪ್ಪ ಎರಡನ್ನೂ ತೂಗಿ ನೋಡಿದ. ಕೌದಿ ಖರೆ ಅಂದರೆ ಕಳ್ಳ. ಶೀಟು ಖರೆ ಅಂದರೆ ಚಳಿ. ಕೊನೆಗೆ ನೆಲ ನೋಡುತ್ತಾ ಶೀಟೇ ಖರೆ ಎಂದ.

"ಹಂಗಾದ್ರ ಇಲ್ಲಿ ಕೌದಿನೇ ಇಲ್ಲ. ಇಲ್ಲದ್ದು ಕಳೆದದ್ದು ಹೆಂಗ? ನಡಿ," ಎಂದಳು ಬಸಲಿಂಗವ್ವ.

ಅದೇ ಹೊತ್ತಿಗೆ ಒಂದು ಮರಿ ಇಲ್ಲದ ಕೌದಿಯ ಮೇಲೆ ಚೆನ್ನಾಗಿ ಉಚ್ಚೆ ಹೊಯ್ದಿತು. ದ್ಯಾಮಣ್ಣ ಕೆಮ್ಮಿನ ನೆಪ ಮಾಡಿ ನಕ್ಕ.

ಮರುದಿನದಿಂದ ಶೆಡ್ಡಿನ ಬಾಗಿಲಲ್ಲಿ ಒಂದು ಬುಟ್ಟಿ ಬಂತು. ಉಳಿದ ತುಂಡು ಮೊದಲು ಎಲ್ಲರ ಎದುರು ಬುಟ್ಟಿಗೆ ಬೀಳಬೇಕು, ಆಮೇಲೆ ಶೀಟಿಗೆ ಏರಬೇಕು. ನಿಂಗಪ್ಪ ಆ ಚಳಿಗಾಲ ಪೂರ್ತಿ ತನ್ನ ಬಾಲವನ್ನೇ ಹೊದ್ದು ಮಲಗಿದ. ತುರಿಕೆಯಂತೂ ಬರಲಿಲ್ಲ, ಪುಣ್ಯವಂತ.

ನೀತಿ: ಇದ್ದದ್ದನ್ನು ಇಲ್ಲವೆಂದು ಬರೆದವನು, ಅದು ಕೈಬಿಟ್ಟು ಹೋದ ದಿನ ನನ್ನದಿತ್ತು ಎಂದು ಅಳುವಂತಿಲ್ಲ.

ಮುಗಿಯಿತು, ಕಣ್ಣು ಮುಚ್ಚಿ ಎಂದೆ. ಸಣ್ಣವಳು ಕಣ್ಣು ಮುಚ್ಚಲಿಲ್ಲ. ತನ್ನ ಒಂದೇ ಒಂದು ಪ್ರಶ್ನೆಯನ್ನು ಅಲ್ಲಿಯವರೆಗೆ ಉಳಿಸಿಕೊಂಡಿದ್ದಳು.

"ಅಮ್ಮ, ದ್ಯಾಮಣ್ಣ ದಿನಾ ನೋಡ್ತಿದ್ದನಲ್ಲ, ಮರಿಗಳು ನಡುಗುವಾಗ ಅವನು ಯಾಕೆ ಹೇಳಲಿಲ್ಲ?"