ಬಣ್ಣ ಬಾರದ ಸ್ಲೈಡು

ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಎರಡು ಪ್ರತಿಕಾಯಗಳಿದ್ದವು. ಒಂದು ಹಳೆಯ ಸೀಸೆಯಲ್ಲಿ, ಇನ್ನೊಂದು ಹೊಸ ಸೀಸೆಯಲ್ಲಿ. ಎರಡರ ಕೆಲಸವೂ ಒಂದೇ. ರಕ್ತದ ಕ್ಯಾಲ್ಸಿಯಂ ಗುರುತಿಸುವ ಪ್ರೋಟೀನು ಅಂಗಾಂಶದಲ್ಲಿ ಎಲ್ಲಿದ್ದರೂ ಹುಡುಕಿ ಹಿಡಿಯಬೇಕು. ಹಿಡಿದ ಕಡೆ ಕಂದು ಬಣ್ಣ ಏಳುತ್ತದೆ.

"ಇವತ್ತು ನನ್ನ ಪರೀಕ್ಷೆ. ಸೋತರೆ ಚೆಲ್ಲಿಬಿಡುತ್ತಾರಂತೆ" ಎಂದಿತು ಹೊಸದು.

"ಕಂಡರೆ ಹಿಡಿ. ಕಾಣದಿದ್ದರೆ ಸುಮ್ಮನಿರು" ಎಂದಿತು ಹಳೆಯದು.

"ತಳ ಕಂಡ ಸೀಸೆ ನಿನ್ನದು. ನಿನಗೇನು ಭಯ, ಅಜ್ಜ?"

ಸಂಶೋಧಕಿ ಮಂದಾಕಿನಿ ಅಂಗಾಂಶದ ತೆಳು ಪದರವಿದ್ದ ಎರಡು ಸ್ಲೈಡುಗಳನ್ನಿಟ್ಟು, ಒಂದರ ಮೇಲೆ ಹಳೆಯದರ ಹನಿ, ಇನ್ನೊಂದರ ಮೇಲೆ ಹೊಸದರ ಹನಿ ಬಿಟ್ಟರು. ಹೊಸದು ಮೂಲೆಮೂಲೆಯನ್ನೂ ತಡಕಿತು. ಪ್ರೋಟೀನು ಸಿಗಲಿಲ್ಲ. ಬರಿಗೈಯಲ್ಲಿ ನಿಂತರೆ ತನ್ನ ಕಥೆ ಮುಗಿಯಿತೆಂದು ನಡುಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಅಪ್ಪಿಕೊಂಡಿತು. ಸ್ಲೈಡಿನ ತುಂಬ ಕಂದು ಬಣ್ಣವೆದ್ದಿತು. ಪಕ್ಕದಲ್ಲಿ ಹಳೆಯದರ ಸ್ಲೈಡು ಬೋಳಾಗಿಯೇ ಇತ್ತು.

ಮಂದಾಕಿನಿ ಸಹೋದ್ಯೋಗಿಗೆ ಹೇಳಿದರು: "ನೋಡಿ ಇನಾಯತ್, ಆ ಪ್ರೋಟೀನೇ ಇಲ್ಲದ ಅಂಗಾಂಶ ಇಟ್ಟಿದ್ದೆ. ಹಳೆಯದು ಇಲ್ಲ ಎಂದಿತು. ಇದು ಇಲ್ಲದ್ದನ್ನೂ ಇದೆ ಅನ್ನುತ್ತದೆ. ಇದನ್ನು ನಂಬಿದರೆ ನಾವು ಕೆಟ್ಟೆವು."

ಹೊಸ ಸೀಸೆಯನ್ನು ಕಸಕ್ಕೆ ಹಾಕಲು ಎತ್ತಿಕೊಂಡರು.

"ಅಜ್ಜ, ನೀನೂ ಬರಿಗೈಯಲ್ಲೇ ನಿಂತಿದ್ದೆಯಲ್ಲ. ನಿನಗೆ ಭಯವಾಗಲಿಲ್ಲವೇ?" ಎಂದಿತು ಅದು.

"ಆಯಿತು" ಎಂದಿತು ಹಳೆಯದು. "ಪ್ರತಿ ಸಲವೂ ಆಗುತ್ತದೆ."