ಮರಿಸ್ವಾಮಿಯ ಕಾಶಿಯಾತ್ರೆ

ಕೇಳ್ರಪ್ಪಾ, ಕಪಿಲಾ ಹೊಳೆ ದಡದ ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮರಿಸ್ವಾಮಿ ಅಂತ ಒಬ್ಬನೇ ಮಗ. ಆಳು ಬಾಗಿಲು ತುಂಬ ಇದ್ದ. ತೋಳಲ್ಲಿ ಎರಡಾಳಿನ ಬಲ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. 'ಹಾಲು ನೋಡ್ಕೋ ಮಗ' ಅಂದರೆ, ಹಾಲು ಉಕ್ಕಿ, ಸುರಿದು, ಒಲೆ ಆರೋ ತನಕ ನೋಡ್ಕೊಂಡೇ ಕೂತಿರೋನು.

"ನಾನು ಕಣ್ಮುಚ್ಚಿದ ಮೇಲೆ ಇವನ ಗತಿ ಏನಪ್ಪಾ ಶಿವನೇ!" ಅಂತ ಅವಳು ದಿನಾ ಕಣ್ಣೀರು ಹಾಕೋಳು.

ಆ ವರ್ಷ ಕಾರ್ತಿಕ ಮಾಸಕ್ಕೆ ಊರಿನ ಯಜಮಾನ ಶಂಭುಲಿಂಗಪ್ಪನೋರು ಹತ್ತು ಜನರನ್ನ ಕಟ್ಟಿಕೊಂಡು ಕಾಶಿಗೆ ಹೊರಟರು. ಜತೆಗೆ ಅವರ ಹೆಂಡತಿ ರುದ್ರಾಣಮ್ಮ. ದೊಡ್ಡತಾಯಮ್ಮ, "ನನ್ನ ಮಗನಿಗೂ ಗಂಗೆ ಸ್ನಾನ ಮಾಡಿಸ್ತೀನಿ, ಮಂಕು ಬಿಟ್ಟರೂ ಬಿಡಬಹುದು" ಅಂತ ಅವನನ್ನೂ ಕರಕೊಂಡು ರೈಲು ಹತ್ತಿದಳು.

"ಇವನನ್ನ ಯಾಕೆ ಕಟ್ಕೊಂಡು ಬಂದೆ ತಾಯಿ? ನಮ್ಮೆಲ್ಲರ ಮಾನ ಕಳೀತಾನೆ!" ಅಂದಳು ರುದ್ರಾಣಮ್ಮ. ದೊಡ್ಡತಾಯಮ್ಮ ಮಗನನ್ನ ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

ಕಾಶಿಯಲ್ಲಿ ಇಳಿದರೋ ಇಲ್ಲವೋ, ಯಜಮಾನರು ಹೇಳಿದರು: "ಇಲ್ಲಿ ಗಲ್ಲಿಗಳು ಬಲು ಇಕ್ಕಟ್ಟು. ತಪ್ಪಿಸ್ಕೊಂಡೀಯ ಮರಿ! ನಿನ್ನ ಮುಂದೆ ಯಾರು ಹೋಗ್ತಾರೋ ಅವರ ಹಿಂದೇನೇ ಹೋಗು."

"ಆಯ್ತು ಯಜಮಾನ್ರೇ!"

ಹೊರಟರು. ಮುಂದೆ ಜನ, ಹಿಂದೆ ಮರಿಸ್ವಾಮಿ. ಒಂದು ತಿರುವಲ್ಲಿ ದೊಡ್ಡ ಗೂಳಿಯೊಂದು ಬಂದು ನಡುವೆ ಸೇರಿತು. ಜನ ಬಲಕ್ಕೆ ಹೋದರು, ಗೂಳಿ ಎಡಕ್ಕೆ ಹೋಯಿತು. ಮರಿಸ್ವಾಮಿ ಗೂಳಿಯ ಹಿಂದೆ ಹೋದ! ಗೂಳಿ ತಿಪ್ಪೆ ಹತ್ತಿತು, ಇವನೂ ಹತ್ತಿದ. ಗೂಳಿ ಸೀರೆ ಅಂಗಡಿಯೊಳಗೆ ನುಗ್ಗಿತು, ಇವನೂ ನುಗ್ಗಿದ. ದೊಡ್ಡತಾಯಮ್ಮ ಎದೆ ಬಡಕೊಂಡು ಹುಡುಕಿ ಬಂದಾಗ, ರೇಷ್ಮೆ ಸೀರೆಗಳ ನಡುವೆ ಗೂಳಿ ಮಲಗಿತ್ತು, ಪಕ್ಕದಲ್ಲಿ ಮಗ ಮಲಗಿದ್ದ.

"ಥೂ ಪೆದ್ದೇ! ಗೂಳಿ ಹಿಂದೆ ಯಾರಾದ್ರೂ ಹೋಗ್ತಾರಾ?"

"ಮುಂದೆ ಇದ್ದಿದ್ದು ಅದೇ ಕಣವ್ವ!"

"ಕೊಂಬಿರೋದು ಕಂಡರೆ ದೂರ ನಿಂತು 'ಹೈ ಹೈ' ಅಂತ ಓಡಿಸಬೇಕು! ತಿಳೀತಾ?"

"ತಿಳೀತು ಕಣವ್ವ!"

ಮಾರನೇ ದಿನ ದೇವಸ್ಥಾನ. ಒಳಗೆ ಎತ್ತರದ ಕಲ್ಲಿನ ನಂದಿ, ಕೊರಳಲ್ಲಿ ಹೂವಿನ ಹಾರ. ಎಲ್ಲರೂ ಕೈ ಮುಗಿದು ನಿಂತಿದ್ದಾರೆ. ಮರಿಸ್ವಾಮಿ ಕೊಂಬು ನೋಡಿದ. ಹತ್ತು ಹೆಜ್ಜೆ ಹಿಂದೆ ಸರಿದ. ಟವಲು ಬೀಸಿದ.

"ಹೈ! ಹೈ! ಹೋಗಾಚೆ! ಹೈ!"

ಮಂತ್ರ ನಿಂತಿತು, ಗಂಟೆ ನಿಂತಿತು. ಪೂಜಾರಿ ಗದರಿಸಿಕೊಂಡು ಓಡಿಬಂದ. ದೊಡ್ಡತಾಯಮ್ಮ ಮಗನನ್ನ ದರದರ ಎಳಕೊಂಡು ಹೊರಗೆ ಬಂದಳು.

"ಅಯ್ಯೋ ದಡ್ಡ! ದೇವರನ್ನ ಓಡಿಸ್ತೀಯಾ?"

"ಹೋಗಲೇ ಇಲ್ಲ ಕಣವ್ವ, ಬಲು ಮೊಂಡು!"

"ಅಲ್ಲಾಡದೆ ಕಲ್ಲಿನ ಹಾಗೆ ಕೂತಿದ್ದರೆ ಅದು ದೇವರು ಕಣೋ! ಒಂದು ಚೊಂಬು ಗಂಗೆ ನೀರು ತಲೆ ಮೇಲೆ ಹುಯ್ದು ಕೈ ಮುಗಿಯಬೇಕು! ತಿಳೀತಾ?"

"ತಿಳೀತು ಕಣವ್ವ!"

ಸಾಯಂಕಾಲ ಘಾಟಿಗೆ ಬಂದರು. ಮೆಟ್ಟಿಲ ಮೇಲೆ ಮೈಗೆಲ್ಲ ಬೂದಿ ಬಳಕೊಂಡು ಒಬ್ಬ ಬಾವಾಜಿ ಧ್ಯಾನಕ್ಕೆ ಕೂತಿದ್ದ. ಕಣ್ಣು ಅಲ್ಲಾಡದು, ಮೂಗು ಅಲ್ಲಾಡದು. ಮರಿಸ್ವಾಮಿ ನೋಡಿದ, ಹೊಳೆಗೆ ಇಳಿದ, ಚೊಂಬು ತುಂಬಿದ. ಆ ಕಾರ್ತಿಕದ ಚಳಿಯಲ್ಲಿ, ಬಾವಾಜಿಯ ನೆತ್ತಿ ಮೇಲೆ ಧಡ್ಡಂತ ಹುಯ್ದ!

"ಅರೇ ಪಾಗಲ್!" ಬಾವಾಜಿ ಒಂದು ಮಾರು ಎತ್ತರ ಹಾರಿದ. ಬೂದಿ ಎಲ್ಲ ಕೆಸರಾಗಿ ಇಳೀತು.

"ಅವ್ವ, ದೇವರು ಮಾತಾಡಿದ!" ಅಂತ ಮರಿಸ್ವಾಮಿ ಅಡ್ಡಬಿದ್ದ.

ರುದ್ರಾಣಮ್ಮ ತಲೆ ಚಚ್ಚಿಕೊಂಡಳು. "ನಾಳೆ ಇವನನ್ನ ಛತ್ರದಲ್ಲೇ ಕೂಡಿಹಾಕು!" ದೊಡ್ಡತಾಯಮ್ಮ ತನ್ನ ಶಾಲು ತೆಗೆದು ಬಾವಾಜಿಗೆ ಹೊದಿಸಿ, ಕಾಲು ಹಿಡಿದು ಸಮಾಧಾನ ಮಾಡಿದಳು. ಆಮೇಲೆ ಮಗನಿಗೆ ಹೇಳಿದಳು:

"ನೆನೆದೋರಿಗೆ ಚಳಿ ಆಗುತ್ತೆ ಕಣೋ ಪೆದ್ದೇ! ನೆನೆದೋರು ಕಂಡರೆ ನೀರಿಂದ ಈಚೆ ಎಳೆದು, ಮೆಟ್ಟಿಲ ಮೇಲೆ ಕೂರಿಸಿ, ಕಂಬಳಿ ಹೊದಿಸಬೇಕು! ತಿಳೀತಾ?"

"ತಿಳೀತು ಕಣವ್ವ!"

ಬೆಳಗಾದರೆ ಹುಣ್ಣಿಮೆ ಸ್ನಾನ. ಕೂಡಿಹಾಕೋಕೆ ತಾಯಿಗೆ ಮನಸ್ಸು ಬರಲಿಲ್ಲ, ಕರಕೊಂಡೇ ಬಂದಳು. ಗಂಗೆ ತುಂಬ ಜನ. ಎಲ್ಲರೂ ನೆನೆದೋರೇ! ಮರಿಸ್ವಾಮಿ ಛತ್ರದ ಕಂಬಳಿಗಳನ್ನೆಲ್ಲ ಹೊತ್ತು ತಂದಿದ್ದ. ಮೂಗು ಹಿಡಿದು ಮುಳುಗಿದ್ದ ಒಬ್ಬ ಮುದುಕನನ್ನ ಎತ್ತಿದ, ಕೂರಿಸಿದ, ಹೊದಿಸಿದ. ಸೂರ್ಯನಿಗೆ ನೀರು ಬಿಡ್ತಿದ್ದ ದಪ್ಪ ಶೆಟ್ಟರನ್ನ ಎತ್ತಿದ, ಕೂರಿಸಿದ, ಹೊದಿಸಿದ. ಆಮೇಲೆ ಸ್ವಂತ ಯಜಮಾನರನ್ನೇ! "ಬಿಡೋ ಲೇ! ಇನ್ನೂ ಎರಡು ಮುಳುಗು ಬಾಕಿ ಐತೋ!" ಯಾರು ಕೇಳ್ತಾರೆ?

ಯಜಮಾನರು ಕೂಗಾಡೋ ಗಲಾಟೆಯಲ್ಲಿ ಇನ್ನೊಂದು ಯಾರಿಗೂ ಕಾಣಲಿಲ್ಲ. ರುದ್ರಾಣಮ್ಮನ ಕಾಲು ಪಾಚಿ ಮೆಟ್ಟಿಲಿಂದ ಜಾರಿತ್ತು. ಒಂದು ಸಲ ತಲೆ ಮೇಲೆ ಬಂತು, ಮುಳುಗಿತು. ಇನ್ನೊಂದು ಸಲ ಬರೀ ಕೈ ಬಂತು. ಮರಿಸ್ವಾಮಿಗೆ ಅಪಾಯ ಗಿಪಾಯ ಏನೂ ತಿಳೀಲಿಲ್ಲ. ನೆನೆದ ಕೈ ಕಂಡಿತು. ಎದೆಮಟ್ಟ ನೀರಿಗೆ ಇಳಿದ. ಎಳೆದ, ಕೂರಿಸಿದ, ಹೊದಿಸಿದ. ಮುಂದಿನೋರ ಕಡೆ ಹೊರಟೇ ಹೋದ.

ರುದ್ರಾಣಮ್ಮ ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಉಸಿರು ತಿರುಗಿದ ಕೂಡಲೇ ಹೇಳಿದ ಮೊದಲ ಮಾತು: "ದೊಡ್ಡತಾಯಿ, ನಿನ್ನ ಮಗ ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ!"

ದೊಡ್ಡತಾಯಮ್ಮ ಆ ದಿನ ಮಗನಿಗೆ ಬಯ್ಯಲಿಲ್ಲ. ಸಂಜೆ ಘಾಟಿನ ಉದ್ದಕ್ಕೂ ಸಾವಿರಾರು ದೀಪ ಹಚ್ಚಿದಾಗ, ಎಷ್ಟೋ ವರ್ಷದ ಮೇಲೆ ಅವಳ ಮನಸ್ಸು ಹಗುರಾಗಿತ್ತು.

ಕೊನೇ ದಿನ ಪುರೋಹಿತರು ಅಂದರು: "ಕಾಶಿಗೆ ಬಂದೋರು ತಮಗೆ ಬಹಳ ಇಷ್ಟವಾದದ್ದನ್ನ ಇಲ್ಲೇ ಬಿಟ್ಟು ಹೋಗಬೇಕು."

ಯಜಮಾನರು ಬದನೆಕಾಯಿ ಬಿಟ್ಟರು. ರುದ್ರಾಣಮ್ಮ ಹಲಸಿನ ಹಣ್ಣು ಬಿಟ್ಟಳು. ಮರಿಸ್ವಾಮಿ ಕೂತ, ಯೋಚಿಸಿದ, ಕಣ್ಣು ಒರೆಸಿಕೊಂಡ.

"ಏನು ಬಿಟ್ಟೆ ಮಗ?"

"ಇನ್ನೂ ಬಿಟ್ಟಿಲ್ಲ ಕಣವ್ವ."

ಮಧ್ಯಾಹ್ನ ಎಲ್ಲರೂ ಸ್ಟೇಷನ್ನಿಗೆ ಹೊರಟರು. ಅವನು ಅವ್ವನನ್ನ ಮಾತ್ರ ಮತ್ತೆ ಘಾಟಿಗೆ ಕರಕೊಂಡು ಬಂದ. ನೆರಳಲ್ಲಿ ಕೂರಿಸಿದ. ಕಂಬಳಿ ಹೊದಿಸಿದ. ಪೂರಿ ಪೊಟ್ಟಣ ಪಕ್ಕಕ್ಕಿಟ್ಟ. ಕಾಲಿಗೆ ಬಿದ್ದ.

"ಏನೋ ಇದು?"

"ಏನಿಲ್ಲ ಕಣವ್ವ." ಮೂಗು ಸೀಟುತ್ತಾ ಹೋದ.

ಟೀ ತರೋಕೆ ಹೋಗಿರಬೇಕು ಅಂದುಕೊಂಡಳು ದೊಡ್ಡತಾಯಮ್ಮ. ಕಾದಳು. ಬಿಸಿಲು ಇಳೀತು. ಭಾಷೆ ಬರದ ಊರು, ಗುರುತಿಲ್ಲದ ಜನ. ಹೋಗೋ ಬರೋರಲ್ಲೆಲ್ಲ ಮಗನ ಮುಖ ಹುಡುಕಿದಳು.

ಅಷ್ಟೊತ್ತಿಗೆ ರುದ್ರಾಣಮ್ಮ ಅವನ ಕಿವಿ ಹಿಡಕೊಂಡು ಓಡೋಡಿ ಬಂದಳು. "ರೈಲು ತಡವಾಯ್ತು, ನಮ್ಮ ಪುಣ್ಯ! ಇಲ್ಲದಿದ್ದರೆ ನೀನು ಕಾಶಿಯಲ್ಲೇ! ಸ್ಟೇಷನ್ನಿಗೆ ಒಬ್ಬನೇ ಬಂದ. 'ನಿಮ್ಮವ್ವ ಎಲ್ಲೋ?' ಅಂದರೆ 'ಬಿಟ್ಟೆ' ಅಂತಾನೆ!"

"ಬಹಳ ಇಷ್ಟವಾದದ್ದು ಬಿಡಬೇಕು ಅಂದರಲ್ಲವ್ವ!" ಮರಿಸ್ವಾಮಿ ಗೊಳೋ ಅಂತ ಅತ್ತ. "ನನಗೆ ಬೇರೆ ಯಾವುದೂ ಅಷ್ಟು ಇಷ್ಟ ಇಲ್ಲ ಕಣವ್ವ!"

ದೊಡ್ಡತಾಯಮ್ಮ ಹೊಡೆಯೋಕೆ ಕೈ ಎತ್ತಿದಳು. ಎತ್ತಿದ ಕೈಯಲ್ಲೇ ಅವನನ್ನ ತಬ್ಬಿಕೊಂಡಳು.

"ಪೆದ್ದೇ, ಪೆದ್ದೇ! ಬಿಡೋದು ಹಣ್ಣು ತರಕಾರಿ ಕಣೋ! ಹೆತ್ತವ್ವನ ಕೈ ಯಾವತ್ತೂ ಬಿಡಬಾರದು! ತಿಳೀತಾ?"

"ತಿಳೀತು ಕಣವ್ವ!"

ಅವಳ ಬಲಗೈಯನ್ನ ತನ್ನ ಎಡಗೈಯಲ್ಲಿ ಗಟ್ಟಿಯಾಗಿ ಹಿಡಕೊಂಡ. ಹಿಡಕೊಂಡೇ ರೈಲು ಹತ್ತಿದ. ಒಂದು ದಿನ ಆಯಿತು, ಎರಡು ದಿನ ಆಯಿತು, ಬಿಡಲಿಲ್ಲ. ಅವಳು ಪಾಯಿಖಾನೆಗೆ ಹೋದರೆ ಬಾಗಿಲ ಸಂದಿಯಲ್ಲಿ ಕೈ ತೂರಿಸಿ, ಮುಖ ಆಚೆ ತಿರುಗಿಸಿ ನಿಂತ. ಬಿಡಲಿಲ್ಲ!

ಮನೆ ಸೇರಿದರು. ಅವಳು ಒಲೆ ಮೇಲೆ ಎಸರಿಟ್ಟಳು.

"ಬಿಡೋ ಮಗ, ಮುದ್ದೆ ತೊಳಸಬೇಕು. ಎರಡು ಕೈ ಬೇಕು ಕಣೋ."

"ನಿಂದೊಂದು, ನಂದೊಂದು, ಎರಡಾಯ್ತಲ್ಲವ್ವ!"

ಅವಳ ಎಡಗೈ, ಅವನ ಬಲಗೈ, ಸೇರಿ ಕೋಲು ತಿರುವಿದರು. ಮುದ್ದೆ ತುಂಬ ಗಂಟೋ ಗಂಟು. ಉಣ್ಣೋಕೆ ಕೂತರೆ ಅವಳ ಬಲಗೈ ಅವನ ಹತ್ತಿರ! ಅವನೇ ಮುರಿದು, ಸಾರಲ್ಲಿ ಅದ್ದಿ, ಅವಳ ಬಾಯಿಗಿಟ್ಟ. ದೊಡ್ಡತಾಯಮ್ಮ ನುಂಗಿದಳು. "ಕೈ ಬಿಡೋ ಪೆದ್ದೇ" ಅನ್ನೋಕೆ ಬಾಯಿ ತೆರೆದಳು.

ತೆರೆದ ಬಾಯಿಗೆ ಅವನು ಇನ್ನೊಂದು ತುತ್ತು ಇಟ್ಟ.