ಮಾಸ್ತರರು ಅಗಲ ಗಾಲಿ ಹತ್ತಿದ್ದು

ಕೃಷ್ಣಾ ನದಿಯ ದಂಡೆಯಲ್ಲಿ, ಉದ್ದನೆಯ ಸೇತುವೆ ಮುಗಿದು ರಸ್ತೆ ಕೆಳಕ್ಕಿಳಿಯುವ ಕಡೆ, ದಾವಲಸಾಬ ಮಾಸ್ತರರ ತಗಡಿನ ಶೆಡ್ಡು ಇತ್ತು. ಸೈಕಲ್ ರೇಸಿಗೆ ಹೋಗುವವರನ್ನು ಅವರು ಮೂವತ್ತೆರಡು ವರ್ಷದಿಂದ ಅಲ್ಲಿಯೇ ತಯಾರು ಮಾಡುತ್ತ ಬಂದಿದ್ದರು.

ಅವರ ಮಾತು ಕಡಿಮೆ. ಆದರೆ ಹೊಸದಾಗಿ ಬಂದ ಯಾರಿಗೇ ಆಗಲಿ, ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದರು: ಗಾಲಿ ಸಪೂರ ಇರಬೇಕು, ಟೈರಿನಲ್ಲಿ ಗಾಳಿ ಕಲ್ಲಿನಷ್ಟು ಗಟ್ಟಿ ಇರಬೇಕು.

ಕಸ್ತೂರಿ ಹತ್ತು ವರ್ಷ ಆ ಮಾತಿನಂತೆಯೇ ತುಳಿದವಳು. ಹದಿನಾರನೆಯ ವಯಸ್ಸಿನಲ್ಲಿ ಮಾಸ್ತರರ ಹತ್ತಿರ ಬಂದಾಗ ಅವಳಿಗೆ ಪಂಕ್ಚರ್ ತೆಗೆಯಲೂ ಬರುತ್ತಿರಲಿಲ್ಲ. ಈಗ ರಾಜ್ಯಕ್ಕೆ ಎರಡು ಸಲ ಮೊದಲಿಗಳಾಗಿದ್ದಳು. ಕ್ರೀಡಾ ಕೋಟಾದಲ್ಲಿ ನೌಕರಿಯೂ ಸಿಕ್ಕಿತ್ತು.

ಆ ವರ್ಷ ಅವಳ ಇಲಾಖೆಯ ತಂಡದವರು ಅವಳಿಗೊಂದು ಹೊಸ ರೇಸ್ ಸೈಕಲ್ ಕೊಟ್ಟರು. ಅದಕ್ಕೆ ಡಿಸ್ಕ್ ಬ್ರೇಕ್. ಗಾಲಿಯ ನಟ್ಟನಡುವೆ ತೆಳುವಾದ ಉಕ್ಕಿನ ತಟ್ಟೆ. ಬ್ರೇಕ್ ಹಿಡಿಯುವುದು ಆ ತಟ್ಟೆಯನ್ನು, ರಿಮ್ಮನ್ನು ಮುಟ್ಟುವುದೇ ಇಲ್ಲ. ಗಾಲಿಗಳನ್ನು ಮಾತ್ರ ನೀನೇ ಆರಿಸು ಎಂದಿದ್ದರು. ಎರಡು ವರ್ಷಕ್ಕೆ ಒಂದೇ ಜೊತೆ. ಶನಿವಾರದೊಳಗೆ ಬರೆದು ತಿಳಿಸಬೇಕು.

ಮುಂದಿನ ತಿಂಗಳು ರಾಷ್ಟ್ರೀಯ ರೇಸ್. ಹೋದ ವರ್ಷ ಅವಳಿಗೆ ಪದಕ ತಪ್ಪಿದ್ದು ನಾಲ್ಕು ಸೆಕೆಂಡಿನಲ್ಲಿ.

ತಂಡದ ಮೆಕ್ಯಾನಿಕ್ ನೋಡಲೆಂದು ಎರಡು ಜೊತೆ ಕಳಿಸಿದ್ದ. ಎರಡೂ ಕಾರ್ಬನ್ನಿನವು, ಎರಡೂ ಗಾಳಿ ಸೀಳಲೆಂದು ಎತ್ತರದ ರಿಮ್ ಮಾಡಿದವು. ಒಂದು ಜೊತೆ ಸಪೂರ. ಇನ್ನೊಂದು ಎಷ್ಟು ಅಗಲವೆಂದರೆ ಅದರ ರಿಮ್ಮು ಟೈರಿಗಿಂತ ಒಂದು ಕೂದಲಿನಷ್ಟು ಹೊರಗೇ ಇತ್ತು.

ಕಸ್ತೂರಿ ಯಾರಿಗೂ ಹೇಳದೆ ಅಗಲದ ಜೊತೆ ಹಾಕಿಕೊಂಡು ಒಂದು ವಾರ ತುಳಿದಳು. ರಸ್ತೆಯ ಒರಟು ಕೈಗೆ ಬಡಿಯುತ್ತಿರಲಿಲ್ಲ. ಅಷ್ಟೇ ಶ್ರಮದಲ್ಲಿ ಅದೇ ದಾರಿ ಬೇಗ ಮುಗಿಯುತ್ತಿತ್ತು. ಹಿಂದಿನಿಂದ ಗಾಳಿ ಇದ್ದೀತು ಅಂದುಕೊಂಡು ತಿರುಗಿ ಬಂದರೂ ಹಾಗೆಯೇ ಆಯಿತು.

ಅವಳಿಗೆ ಸಂತೋಷವಾಗಬೇಕಿತ್ತು. ಆದರೆ ನೆನಪಾದದ್ದು ಮಾಸ್ತರರ ಮುಖ.

ಗುರುವಾರ ಬೆಳಿಗ್ಗೆ ಎರಡೂ ಜೊತೆ ತೆಗೆದುಕೊಂಡು ಶೆಡ್ಡಿಗೆ ಹೋದಳು.

ಮಾಸ್ತರರು ಅಗಲದ ರಿಮ್ಮನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರು. ಇಷ್ಟು ದಪ್ಪ ಯಾಕೆ ಮಾಡಿದ್ದಾರೆ ಎಂದು ಕೇಳಿದರು.

ಮೆಕ್ಯಾನಿಕ್ ಹೇಳಿದ್ದನ್ನೇ ಕಸ್ತೂರಿ ಹೇಳಿದಳು. ಮೊದಲು ರಿಮ್ಮು ಬ್ರೇಕಿನ ಎರಡು ರಬ್ಬರ್ ತುಂಡುಗಳ ನಡುವೆ ಹಾಯಬೇಕಿತ್ತು, ಬಹಳ ಅಗಲ ಮಾಡಲು ಬರುತ್ತಿರಲಿಲ್ಲ. ಈಗ ಬ್ರೇಕು ನಡುವಿನ ತಟ್ಟೆಗೆ ಹೋಗಿದೆ. ಅಗಲ ರಿಮ್ಮಿನಲ್ಲಿ ಅಗಲ ಟೈರು ಉಬ್ಬದೆ ಕೂಡುತ್ತದೆ, ಟೈರನ್ನು ಸವರಿದ ಗಾಳಿ ರಿಮ್ಮಿನ ಗುಂಟ ಹಾಗೇ ಜಾರಿ ಹೋಗುತ್ತದೆ. ಟೈರಿಗೆ ಗಾಳಿ ಸ್ವಲ್ಪ ಕಡಿಮೆ ತುಂಬಿದರೂ ನಡೆಯುತ್ತದೆ.

"ನೀ ಇದರ ಮ್ಯಾಲ ಕುಂತು ನೋಡಿಯೇನು?"

"ಇಲ್ರೀ," ಎಂದಳು ಕಸ್ತೂರಿ. "ನನಗ ಸಪೂರದ್ದೇ ಸಾಕ್ರೀ. ನೀವು ಕಲಿಸಿದ್ದು ಅದೇ ಅಲ್ರೀ."

ಹತ್ತು ವರ್ಷದಲ್ಲಿ ಅವರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಮಾಸ್ತರರು ಕಪಾಟಿನಿಂದ ಒಂದು ಸೀಮೆಸುಣ್ಣದ ತುಂಡು ತೆಗೆದುಕೊಂಡು ಹೊರಗೆ ನಡೆದರು.

ಇನ್ನೂ ಗಾಳಿ ಎದ್ದಿರಲಿಲ್ಲ. ಹೊಳೆಯ ಆಚೆ ಮೀನುಗಾರರ ಒಲೆಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

ಸೇತುವೆಯ ಕೊನೆಯ ದೀಪದ ಕಂಬದಿಂದ ಸೈಕಲ್ ಬಿಡಬೇಕು ಎಂದರು. ತುಳಿಯಬಾರದು, ಬ್ರೇಕ್ ಹಿಡಿಯಬಾರದು. ಇಳಿಜಾರು ಇಳಿದು, ಸಪಾಟು ರಸ್ತೆಯ ಮೇಲೆ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆಯೋಣ.

ಮೊದಲು ಸಪೂರದ ಗಾಲಿ. ಕಸ್ತೂರಿ ಮೈ ಮಡಚಿ ಕುಳಿತು ಇಳಿದು ಬಂದಳು. ಸೈಕಲ್ ಒಂದು ಜಾಲಿಗಿಡದ ಎದುರು ನಿಂತಿತು. ಮಾಸ್ತರರು ಬಗ್ಗಿ ಗೆರೆ ಎಳೆದರು.

ಆಮೇಲೆ ಅಗಲದ್ದು.

ಇಳಿಜಾರು ಮುಗಿಯುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. ವೇಗ ಇಳಿಯುತ್ತಲೇ ಇರಲಿಲ್ಲ. ಮುಂದೆ ಮಾಸ್ತರರು ತಾವೇ ಎಳೆದ ಗೆರೆಯ ಹತ್ತಿರ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದರು. ತುಂಬ ವಯಸ್ಸಾದವರಂತೆ ಕಂಡರು.

ಕಸ್ತೂರಿ ಎರಡು ಬೆರಳಿನಿಂದ ಮೆಲ್ಲಗೆ ಬ್ರೇಕ್ ಹಿಡಿದಳು. ಬಿಡದೆ ಹಿಡಿದೇ ಬಂದಳು. ಸೈಕಲ್ ಗೆರೆಗಿಂತ ಒಂದು ಮಾರು ಹಿಂದೆಯೇ ನಿಂತಿತು.

"ಸಪೂರದ್ದೇ ಮುಂದ ಬಂದೈತ್ರೀ," ಎಂದಳು.

ಮಾಸ್ತರರು ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತರು. ಬೆರಳುಗಳ ಹಿಂಭಾಗವನ್ನು ಬ್ರೇಕಿನ ತಟ್ಟೆಯ ಸಮೀಪ ಒಯ್ದರು. ಮುಟ್ಟದೆಯೇ ಕೈ ಹಿಂದಕ್ಕೆ ತೆಗೆದರು. ಅದು ಒಲೆಯಿಂದ ಇಳಿಸಿದ ತವೆಯ ಹಾಗೆ ಕಾದಿತ್ತು.

ಕಸ್ತೂರಿ ತಲೆ ತಗ್ಗಿಸಿದಳು. ಬೈಯುತ್ತಾರೆ ಎಂದು ಕಾದಳು. ಅವರು ಬೈಯಲಿಲ್ಲ.

"ಯಾರ ಸಲುವಾಗಿ ಹಿಡದಿ?"

"ನಿಮ್ಮ ಸಲುವಾಗ್ರೀ."

ಆಮೇಲೆ ಎಲ್ಲ ಹೇಳಿದಳು. ಒಂದು ವಾರ ತುಳಿದದ್ದು, ಇಲ್ಲ ಅಂದದ್ದು ಸುಳ್ಳು, ನಿಮ್ಮ ಮಾತು ಕೆಳಗೆ ಬೀಳುವುದು ನನ್ನ ಕೈಯಿಂದ ಆಗಬಾರದು ಅನಿಸಿದ್ದು.

ಮಾಸ್ತರರು ಪೂರ್ತಿ ಕೇಳಿಸಿಕೊಂಡರು.

"ನಾಲ್ಕ ಸೆಕೆಂಡ ಹೋತಂತ ಹೋದ ವರ್ಷ ಇಲ್ಲೇ ಕುಂತು ಅತ್ತಿ," ಎಂದರು. "ಈಗ ನನ್ನ ಸಲುವಾಗಿ ಬ್ರೇಕ ಹಿಡೀತಿ."

ಅವಳ ಕೈ ಹಿಡಿದು ಸೀಮೆಸುಣ್ಣವನ್ನು ಅದರಲ್ಲಿಟ್ಟರು.

"ಹಿಡಿ ಇದನ್ನ. ಈಗ ನಾ ಕೂಡತೀನಿ."

ಅವರಿಗೆ ಅರವತ್ತೇಳು. ಮೊಣಕಾಲು ಕೈಕೊಟ್ಟ ಮೇಲೆ ಮೂರು ವರ್ಷದಿಂದ ರೇಸ್ ಸೈಕಲ್ ಹತ್ತಿರಲಿಲ್ಲ. ಬೇಡ ಎಂದು ಕಸ್ತೂರಿ ಎಷ್ಟೋ ಹೇಳಿದಳು. ತುಳಿಯುವ ಕೆಲಸವೇ ಇಲ್ಲವಲ್ಲ ಎಂದು ಅವರು ಪೈಜಾಮದ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡರು. ಅವಳು ಮತ್ತೆ ಸಪೂರದ ಗಾಲಿ ಹಾಕಿ, ಸೀಟು ಏರಿಸಿ ಕೊಟ್ಟಳು.

ಸಪೂರದ ಗಾಲಿಯ ಮೇಲೆ ಅವರು ಬಂದು ನಿಂತಲ್ಲಿ ಕಸ್ತೂರಿ ಹೊಸ ಗೆರೆ ಎಳೆದಳು. ಗಾಲಿ ಬದಲಿಸಿ ಕೊಟ್ಟಳು. ಅವರು ಸೈಕಲ್ ನೂಕಿಕೊಂಡು ಮತ್ತೆ ಕಂಬದ ಕಡೆ ನಡೆದರು.

ಅಗಲದ್ದರ ಮೇಲೆ ಅವರು ಇಳಿದು ಬಂದಾಗ ಬೆನ್ನು ಮಡಚಿತ್ತು, ಮೊಣಕೈ ಒಳಗಿದ್ದವು, ಬಿಳಿ ಗಡ್ಡ ಎದೆಗೆ ಒತ್ತಿತ್ತು. ಹತ್ತು ವರ್ಷದಲ್ಲಿ ಅವಳು ಅವರನ್ನು ಹೀಗೆ ನೋಡಿರಲಿಲ್ಲ. ಗೆರೆ ಬಂತು. ಅವರು ಅದರ ಕಡೆ ನೋಡಲಿಲ್ಲ. ದಾಟಿದರು. ದಾಟಿ ಹೋಗುತ್ತಲೇ ಇದ್ದರು.

ಕಸ್ತೂರಿ ಸೀಮೆಸುಣ್ಣ ಹಿಡಿದು ಹಿಂದೆ ಓಡಿದಳು. ಸೈಕಲ್ ನಿಂತದ್ದು ಹತ್ತೊಂಬತ್ತು ಹೆಜ್ಜೆ ಆಚೆ.

ಮಾಸ್ತರರು ಒಂದು ಕಾಲು ನೆಲಕ್ಕೆ ಊರಿ ಸುಮ್ಮನೆ ಹೊಳೆ ನೋಡಿದರು. ಅವರು ನಗುತ್ತಿದ್ದುದು ಅವಳಿಗೆ ಪಕ್ಕದಿಂದ ಕಂಡಿತು.

"ಇನ್ನೊಮ್ಮೆ," ಎಂದರು.

ಇವರಿಗೆ ಇನ್ನೂ ನಂಬಿಕೆ ಬಂದಿಲ್ಲ ಎಂದು ಕಸ್ತೂರಿ ತಿಳಿದಳು. ಎರಡನೆಯ ಸಲವೂ ಹತ್ತೊಂಬತ್ತು, ಮೂರನೆಯ ಸಲ ಇಪ್ಪತ್ತು. ನಾಲ್ಕನೆಯ ಸಲ ಅವರು ಕೇಳದೆಯೇ ಮೇಲೆ ಹೊರಟಾಗ, ಬರೀ ಖುಷಿಗಾಗಿ ಹೋಗುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಗೆರೆ ಎಳೆಯುವುದನ್ನು ಬಿಟ್ಟು ರಸ್ತೆಯ ಬದಿಯಲ್ಲಿ ಕುಳಿತು ನೋಡಿದಳು.

ಶೆಡ್ಡಿಗೆ ಮರಳಿದ ಮೇಲೆ ಮಾಸ್ತರರು ಮೊದಲು ಮಾಡಿದ ಕೆಲಸ ಫೋನು. ಅವರ ಹಳೆಯ ಶಿಷ್ಯ ಶರಣಗೌಡ ಬೇರೆ ಊರಿನಲ್ಲಿ ಅವರ ಮಾತನ್ನೇ ಹೇಳಿ ಹುಡುಗಿಯರಿಗೆ ಸೈಕಲ್ ಕಲಿಸುತ್ತಿದ್ದ. ಗಾಲಿಯ ವಿಚಾರದಲ್ಲಿ ನಾನು ಹೇಳಿದ್ದು ತಪ್ಪು, ನಿನ್ನವರಿಗೆ ಇವತ್ತೇ ತಿಳಿಸು ಎಂದರು. ಆ ಕಡೆಯಿಂದ ಅವನು ಬಹಳ ಹೊತ್ತು ವಾದ ಮಾಡಿದಂತಿತ್ತು. ನೀನೇ ಉರುಳಿಸಿ ನೋಡು ಎಂದು ಫೋನು ಇಟ್ಟುಬಿಟ್ಟರು.

ಕಸ್ತೂರಿ ಅಲ್ಲಿಯೇ ಕುಳಿತು ತಂಡಕ್ಕೆ ಪತ್ರ ಬರೆದಳು. ಅಗಲ ಗಾಲಿ, ಒಂದು ಜೊತೆ. ಮಾಸ್ತರರು ಓದಿ ತಲೆಯಾಡಿಸಿದರು.

ಹೊರಡಲು ಎದ್ದವಳು ಬಾಗಿಲಲ್ಲಿ ನಿಂತಳು. ಕೇಳದೆ ಹೋಗಲು ಅವಳಿಂದ ಆಗಲಿಲ್ಲ.

"ಮಾಸ್ತರ್ರ, ಮೂವತ್ತೆರಡ ವರ್ಷದ ಮಾತದು. ನಿಮಗ ಬ್ಯಾಸರ ಆಗಲಿಲ್ಲೇನ್ರೀ?"

ದಾವಲಸಾಬರು ಕಾಲುಚೀಲದಿಂದ ಪೈಜಾಮ ಬಿಡಿಸಿಕೊಳ್ಳುತ್ತಿದ್ದರು.

"ನಾಳೆ ಮುಂಜಾನೆ ಆರಕ್ಕ ಬಾ," ಎಂದರು. "ನಾ ಹೇಳಿದ್ದರಾಗ ಇನ್ನೇನೇನು ತಪ್ಪ ಐತಿ, ಒಂದೊಂದಾಗಿ ನೋಡೋಣು."